ಮರದಲ್ಲಿ ಕಡೆದ ರೆಕ್ಕೆ

ವಿಮಾನವು ಮೇಲೇರುವುದು ರೆಕ್ಕೆಗಳ ಬಲದಿಂದ. ಆದರೆ ರೆಕ್ಕೆಗಳಿಗೆ ಆ ಬಲ ಬರಬೇಕಾದರೆ ವಿಮಾನವು ಗಾಳಿಯನ್ನು ಸೀಳಿಕೊಂಡು ಮುಂದಕ್ಕೆ ಧಾವಿಸುತ್ತಿರಬೇಕು. ಮೊದಲ ವಿಮಾನಗಳಲ್ಲಿ ಈ ವೇಗವನ್ನು ಒದಗಿಸಿದುದು ಎಂಜಿನ್ನಿನಿಂದ ತಿರುಗುವ ಪ್ರೊಪೆಲ್ಲರ್. ವಿಜ್ಞಾನದ ಪುಸ್ತಕಗಳು ಇದನ್ನು ನೋದಕವೆಂದು ಕರೆಯುತ್ತವೆ. ಯಂತ್ರಯುಗದ ಈ ಮುಖ್ಯ ಅಂಗವು ರೂಪುಗೊಂಡದ್ದು ಕುಲುಮೆಯಲ್ಲಲ್ಲ, ಬಡಗಿಯ ಕೈಯಲ್ಲಿ.

ಅಮೆರಿಕದ ಡೇಟನ್ ನಗರದಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದ ವಿಲ್ಬರ್ ಮತ್ತು ಆರ್ವಿಲ್ ರೈಟ್ ಸಹೋದರರು 1902ರ ಕೊನೆಯಲ್ಲಿ ಪ್ರೊಪೆಲ್ಲರಿನ ಕೆಲಸಕ್ಕೆ ತೊಡಗಿದರು. ಹಡಗುಗಳನ್ನು ನೂಕುವ ಪ್ರೊಪೆಲ್ಲರುಗಳು ಆಗಲೇ ಹಲವು ದಶಕಗಳಿಂದ ಬಳಕೆಯಲ್ಲಿದ್ದುವು. ಅವುಗಳ ಸೂತ್ರಗಳು ಗ್ರಂಥಗಳಲ್ಲಿ ದೊರೆತಾವೆಂದು ಇವರು ನಂಬಿದ್ದರು. ಆದರೆ ಹಡಗು ಕಟ್ಟುವವರು ಮಾಡಿ ನೋಡಿ, ತಿದ್ದಿ, ಮತ್ತೆ ಮಾಡಿ ನಡೆದುಬಂದವರು. ಅವರಲ್ಲಿ ಅನುಭವವಿತ್ತು, ಇವರಿಗೆ ಬೇಕಾದ ಲೆಕ್ಕವಿರಲಿಲ್ಲ. ಸಹೋದರರು ತಾವೇ ಲೆಕ್ಕಕ್ಕೆ ಕುಳಿತರು. ಅವರ ಚರ್ಚೆ ಎಷ್ಟು ಬಿರುಸಾಗುತ್ತಿತ್ತೆಂದರೆ, ಕೊನೆಗೆ ಅಣ್ಣನು ತಮ್ಮನ ಪಕ್ಷವನ್ನೂ ತಮ್ಮನು ಅಣ್ಣನ ಪಕ್ಷವನ್ನೂ ಹಿಡಿದು, ವಾದವು ಮೊದಲಿದ್ದಲ್ಲಿಯೇ ನಿಲ್ಲುತ್ತಿತ್ತಂತೆ!

ಅವರು ಕಂಡುಕೊಂಡ ಸತ್ಯ ಸರಳವಾದುದು: ಪ್ರೊಪೆಲ್ಲರ್ ಎಂಬುದು ಸುತ್ತುತ್ತಿರುವ ರೆಕ್ಕೆ. ಆದರೆ ಈ ರೆಕ್ಕೆಯ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಚಲಿಸುವುದಿಲ್ಲ. ರೈಟ್ ಸಹೋದರರ ಪ್ರೊಪೆಲ್ಲರಿನ ಉದ್ದ ಎಂಟೂವರೆ ಅಡಿ. ಅದು ಒಂದು ಸುತ್ತು ತಿರುಗುವಾಗ ನಡುವಿನಿಂದ ಒಂದಡಿ ದೂರದಲ್ಲಿರುವ ಬಿಂದು ಸುಮಾರು 6 ಅಡಿ ದಾರಿಯನ್ನು ಕ್ರಮಿಸಿದರೆ, ತುದಿಯು ಅಷ್ಟೇ ಕಾಲದಲ್ಲಿ ಸುಮಾರು 27 ಅಡಿ ಕ್ರಮಿಸುತ್ತದೆ. ಆದುದರಿಂದ ಅಲಗು ನಡುವಿನಲ್ಲಿ ಹೆಚ್ಚು ಓರೆಯಾಗಿ, ತುದಿಗೆ ಹೋದಂತೆ ಕಡಿಮೆ ಓರೆಯಾಗಿ ಹುರಿಗೊಂಡಿರಬೇಕು. ಈ ತಿರುಚನ್ನು ಅವರು ಸ್ಪ್ರೂಸ್ ಮರದ ಹಲಗೆಗಳನ್ನು ಅಂಟಿಸಿ, ಕೈಗೊಡಲಿಯಿಂದಲೂ ಎರಡು ಹಿಡಿಗಳ ಕೀಸುಗತ್ತಿಯಿಂದಲೂ ಕೆತ್ತಿ ತೆಗೆದರು. 1903ರ ಡಿಸೆಂಬರ್ 17ರಂದು ಕಿಟ್ಟಿ ಹಾಕ್ ಬಳಿಯ ಮರಳುನೆಲದ ಮೇಲೆ ವಿಮಾನವನ್ನು 12 ಸೆಕೆಂಡು ಹಾರಿಸಿದುದು ಇಂತಹ ಎರಡು ಪ್ರೊಪೆಲ್ಲರುಗಳೇ. ಅವುಗಳ ಪ್ರತಿಕೃತಿಗಳನ್ನು ನಮ್ಮ ಕಾಲದಲ್ಲಿ ಪರೀಕ್ಷಿಸಿದಾಗ, ತಮಗೆ ದೊರೆತ ಶಕ್ತಿಯ ಶೇಕಡ 75ರಷ್ಟನ್ನು ಅವು ನೂಕುಬಲವಾಗಿ ಮಾರ್ಪಡಿಸಬಲ್ಲವೆಂದು ತಿಳಿದುಬಂದಿತು.

ಒಂದೇ ದಿಮ್ಮಿಯಿಂದ ಕಡೆಯದೆ ಹಲಗೆಗಳನ್ನು ಜೋಡಿಸುವುದೇಕೆ? ಮರವು ಕಡಿದ ಮೇಲೂ ಒಂದು ಬಗೆಯಲ್ಲಿ ಜೀವಂತವಾಗಿಯೇ ಇರುತ್ತದೆ. ತೇವ ಹೀರಿ ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ, ನಾರಿನ ಉದ್ದಕ್ಕೂ ಸೀಳುತ್ತದೆ. ಹಲವು ಪದರಗಳಿದ್ದರೆ ಒಂದರ ಸೊಟ್ಟನ್ನು ಇನ್ನೊಂದು ತಡೆಯುತ್ತದೆ. ಒಂದರ ಬಿರುಕು ಸುಲಭವಾಗಿ ಮತ್ತೊಂದಕ್ಕೆ ದಾಟುವುದಿಲ್ಲ.

ಆದರೂ ಅಪಾಯ ತಪ್ಪಿದ್ದಲ್ಲ. 1908ರ ಸೆಪ್ಟೆಂಬರ್ 17ರಂದು ವರ್ಜೀನಿಯದ ಫೋರ್ಟ್ ಮೈಯರಿನಲ್ಲಿ ಆರ್ವಿಲ್ ರೈಟರು ಸೈನ್ಯದ ಅಧಿಕಾರಿಗಳ ಮುಂದೆ ವಿಮಾನವನ್ನು ಹಾರಿಸುತ್ತಿದ್ದಾಗ ಅಲಗೊಂದು ಉದ್ದಕ್ಕೆ ಸೀಳಿತು. ಸೀಳಿದ ಅಲಗು ತನ್ನ ಬಲವನ್ನು ಕಳೆದುಕೊಂಡಿತು; ಪ್ರೊಪೆಲ್ಲರ್ ಅದುರುತ್ತ ಹಿಂಬದಿಯ ಚುಕ್ಕಾಣಿಯನ್ನು ಬಿಗಿದಿದ್ದ ತಂತಿಗೆ ತಗುಲಿತು. ವಿಮಾನವು ನೆಲಕ್ಕೆ ಬಿದ್ದಿತು. ಆರ್ವಿಲ್ಲರ ಕಾಲೂ ಪಕ್ಕೆಲುಬುಗಳೂ ಮುರಿದುವು. ಜೊತೆಯಲ್ಲಿದ್ದ ಲೆಫ್ಟಿನೆಂಟ್ ಥಾಮಸ್ ಸೆಲ್ಫ್ರಿಜ್ ಅಂದೇ ತೀರಿಕೊಂಡರು. ಎಂಜಿನ್ ವಿಮಾನದ ಅಪಘಾತದಲ್ಲಿ ಪ್ರಾಣ ತೆತ್ತವರಲ್ಲಿ ಅವರೇ ಮೊದಲಿಗರು.

ಪ್ರೊಪೆಲ್ಲರ್ ಮಾಡುವವನ ಎಚ್ಚರವು ಹಲಗೆಯ ಆಯ್ಕೆಯಿಂದಲೇ ಏಕೆ ಆರಂಭವಾಗುತ್ತದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಗಂಟಿಲ್ಲದ, ನೇರ ನಾರಿನ, ಒಣಗಿ ಹದಗೊಂಡ ಹಲಗೆಗಳೇ ಬೇಕು. 1909ರಲ್ಲಿ ಬ್ಲೇರಿಯೊ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದಾಗ ಅವನ ವಿಮಾನಕ್ಕಿದ್ದುದು ಫ್ರಾನ್ಸಿನ ಶೋವಿಯೇರ್ ಆಕ್ರೋಟು ಮರದಲ್ಲಿ ಮಾಡಿದ ಪ್ರೊಪೆಲ್ಲರ್. ಮೊದಲ ಮಹಾಯುದ್ಧದ ಕಾಲಕ್ಕೆ ಮಹಾಗನಿಯೂ ಬಳಕೆಗೆ ಬಂದಿತ್ತು. ಹಲಗೆಗಳನ್ನು ಬೀಸಣಿಗೆಯ ಕಡ್ಡಿಗಳಂತೆ ತುಸು ತುಸುವೇ ಹೊರಳಿಸಿ, ಬಿಸಿಯಾದ ಅಂಟು ಹಚ್ಚಿ ಬಿಗಿಯುತ್ತಿದ್ದರು. ಅಂಟು ಆರಿದ ಮೇಲೆ ಅದು ಮೆಟ್ಟಿಲುಗಳಂತೆ ಕಾಣುತ್ತಿತ್ತು. ಆ ಮೆಟ್ಟಿಲುಗಳನ್ನು ಕೆತ್ತಿ ನುಣುಪುಗೊಳಿಸಿದಾಗ ಅಂಟಿನ ಗೆರೆಗಳು ಅಲಗಿನ ಮೇಲೆ ಬಾಗುಬಾಗಾಗಿ ಮೂಡುವುವು. ಈ ಗೆರೆಗಳು ಬರಿಯ ಅಲಂಕಾರವಲ್ಲ. ಎರಡು ಅಲಗುಗಳ ಗೆರೆಗಳು ಒಂದನ್ನೊಂದು ಹೋಲದಿದ್ದರೆ, ಕೆತ್ತನೆ ಎಲ್ಲಿ ತಪ್ಪಿದೆಯೆಂಬುದನ್ನು ಪಳಗಿದ ಕಣ್ಣು ಒಡನೆಯೇ ಗುರುತಿಸಬಲ್ಲುದು.

ಕೊನೆಯದು ಸಮತೋಲದ ಪರೀಕ್ಷೆ. ನಡುವಿನ ರಂಧ್ರಕ್ಕೆ ಸರಳೊಂದನ್ನು ಪೋಣಿಸಿ, ಸಮವಾಗಿ ನಿಲ್ಲಿಸಿದ ಎರಡು ಅಲಗಿನಂಚುಗಳ ಮೇಲೆ ಅದನ್ನು ಇರಿಸುವರು. ಭಾರವಾದ ಕಡೆ ಮೆಲ್ಲನೆ ಕೆಳಗಿಳಿಯುತ್ತದೆ. ಆಗ ಅಲ್ಲಿಂದ ತುಸು ಮರವನ್ನು ಉಜ್ಜಿ ತೆಗೆಯಬೇಕು, ಇಲ್ಲವೆ ಹಗುರವಾದ ಕಡೆಗೆ ಇನ್ನೊಂದು ಪದರ ವಾರ್ನಿಷ್ ಬಳಿಯಬೇಕು. ವಾರ್ನಿಷಿನ ಒಂದು ಪದರಕ್ಕೂ ತೂಕವುಂಟು! ತುದಿಗಳನ್ನು ಮಳೆಹನಿ, ಮರಳುಗಳಿಂದ ಕಾಯಲು ಹಿತ್ತಾಳೆಯ ತಗಡು ಹೊದಿಸಿ, ಒಳಸೇರಿದ ನೀರು ಸುತ್ತುವ ರಭಸಕ್ಕೆ ಹೊರಚಿಮ್ಮಲೆಂದು ಅದರಲ್ಲಿ ಸಣ್ಣ ತೂತುಗಳನ್ನು ಬಿಡುವರು.

ದೊಡ್ಡ ವಿಮಾನಗಳಿಂದ ಮರವು ಮರೆಯಾಗಿ ಬಹುಕಾಲವಾಯಿತು. ಆದರೂ ಕೆಲವು ಸಣ್ಣ ವಿಮಾನಗಳಿಗೆ ಇಂದಿಗೂ ಮರದ ಪ್ರೊಪೆಲ್ಲರುಗಳನ್ನು ಮಾಡುತ್ತಾರೆ. ಎಂಜಿನ್ನಿನ ನಡುಕವನ್ನು ಮರವು ಚೆನ್ನಾಗಿ ನುಂಗಿಕೊಳ್ಳುತ್ತದೆ. ಇಂತಹ ವಿಮಾನವನ್ನು ನಿಲ್ಲಿಸುವಾಗ ಪ್ರೊಪೆಲ್ಲರನ್ನು ನೆಟ್ಟಗೆ ಬಿಡದೆ ಅಡ್ಡಲಾಗಿ ತಿರುಗಿಸಿ ಇಡುವುದು ವಾಡಿಕೆ. ನೆಟ್ಟಗಿದ್ದರೆ ಮರದೊಳಗಿನ ತೇವವು ಕೆಳಗಿನ ಅಲಗಿಗೆ ಇಳಿದು, ಅಷ್ಟು ಶ್ರಮದಿಂದ ತಂದ ಸಮತೋಲವು ಕೆಟ್ಟುಹೋದೀತು.