ಎಡಕ್ಕೆ ಬಾಗುವ ಬಿಲ್ಲೆ: ನಂಬಿಕೆಗೆ ಯೋಗ್ಯವಾದ ದೋಷ

ಗುರಿ ತಪ್ಪುವುದರಲ್ಲಿ ಎರಡು ಬಗೆ ಉಂಟು. ಪ್ರತಿಸಲವೂ ಒಂದೇ ಕಡೆಗೆ, ಹೆಚ್ಚುಕಡಿಮೆ ಒಂದೇ ಅಳತೆಯಷ್ಟು ತಪ್ಪುವುದು ಮೊದಲನೆಯದು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಹೇಳಲಾರದಷ್ಟು ತಪ್ಪುವುದು ಎರಡನೆಯದು. ಪ್ರಯೋಗಶಾಲೆಯಲ್ಲಿ ಸ್ಕ್ರೂ ಗೇಜನ್ನು ಹಿಡಿದ ವಿದ್ಯಾರ್ಥಿಗೆ ಈ ಭೇದ ಹೊಸದಲ್ಲ. ಉಪಕರಣದಲ್ಲಿ ಶೂನ್ಯ ದೋಷವಿದ್ದರೆ ಅವನು ಹೆದರುವುದಿಲ್ಲ. ಅದನ್ನು ಅಳೆದು, ಕೊನೆಯ ಲೆಕ್ಕದಲ್ಲಿ ಕಳೆದುಬಿಡುತ್ತಾನೆ. ಆದರೆ ತಿರುಪು ಸಡಿಲವಾಗಿ, ಅಳೆದಾಗಲೆಲ್ಲ ಬೇರೆ ಬೇರೆ ಅಂಕಿಯನ್ನು ತೋರಿಸುವ ಗೇಜಿಗೆ ಅಂತಹ ಸುಲಭ ಪರಿಹಾರವಿಲ್ಲ. ಆಟದ ಬಯಲಿನಲ್ಲಿಯೂ ಇದೇ ನ್ಯಾಯ ನಡೆಯುತ್ತದೆ ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ. ಅದಕ್ಕಾಗಿ ನಾವು ಆರಿಸಿಕೊಂಡಿರುವ ವಸ್ತು ಡಿಸ್ಕ್ ಗಾಲ್ಫ್ ಎಂಬ ಆಟದ ಒಂದು ಸಣ್ಣ ಬಿಲ್ಲೆ.

ಆಟದ ಪರಿಚಯ

ಪ್ಲಾಸ್ಟಿಕ್ಕಿನ ತಟ್ಟೆಯನ್ನು ತಿರುಗಿಸಿ ಎಸೆಯುವ ಆಟ ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತವೇ. ಅಮೆರಿಕದ ಫ್ರೆಡ್ ಮಾರಿಸನ್ ಎಂಬಾತನು ರೂಪಿಸಿದ ತಟ್ಟೆಯನ್ನು ವ್ಯಾಮ್-ಓ ಎಂಬ ಕಂಪೆನಿಯು 1957ರಲ್ಲಿ ಮಾರುಕಟ್ಟೆಗೆ ತಂದಿತು. ಅದಕ್ಕೆ ಫ್ರಿಸ್ಬಿ ಎಂಬ ಹೆಸರು ಬಂದಿತು. ಅದೇ ಕಂಪೆನಿಯ ಎಡ್ ಹೆಡ್ರಿಕ್ ತಟ್ಟೆಯ ಮೇಲ್ಮೈಯಲ್ಲಿ ಉಂಗುರದಂತಹ ಗೆರೆಗಳನ್ನು ಮೂಡಿಸಿ, 1967ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. ಇದೇ ಹೆಡ್ರಿಕ್ ಮುಂದೆ, 1975ರಲ್ಲಿ, ಕ್ಯಾಲಿಫೋರ್ನಿಯದ ಓಕ್ ಗ್ರೋವ್ ಉದ್ಯಾನದಲ್ಲಿ ಡಿಸ್ಕ್ ಗಾಲ್ಫ್‌ಗೆಂದೇ ಒಂದು ಅಂಕಣವನ್ನು ಸಜ್ಜುಗೊಳಿಸಿದನು. ಮರುವರ್ಷ ಈ ಆಟದ ವೃತ್ತಿಪರ ಸಂಘವನ್ನೂ ಸ್ಥಾಪಿಸಿದನು.

ಆಟದ ನಿಯಮ ಸರಳ. ಗಾಲ್ಫಿನಲ್ಲಿ ಚೆಂಡು ಕುಳಿಯನ್ನು ಸೇರಬೇಕು. ಇಲ್ಲಿ ಬಿಲ್ಲೆಯು ಕಂಬಕ್ಕೆ ಕಟ್ಟಿದ ಸರಪಳಿಗಳ ಬುಟ್ಟಿಯನ್ನು ಸೇರಬೇಕು. ಕಡಿಮೆ ಎಸೆತಗಳಲ್ಲಿ ಮುಗಿಸಿದವನೇ ಗೆದ್ದವನು. ದೂರದ ಮೊದಲ ಎಸೆತಕ್ಕೆ ಡ್ರೈವರ್, ಬುಟ್ಟಿಯ ಬಳಿಯ ಕೊನೆಯ ಎಸೆತಕ್ಕೆ ಪಟ್ಟರ್, ಇವೆರಡರ ನಡುವೆ ಬಿಲ್ಲೆಯನ್ನು ಬುಟ್ಟಿಯ ಸಮೀಪಕ್ಕೆ ತಂದು ನಿಲ್ಲಿಸುವ ಎಸೆತಕ್ಕೆ ಅಪ್ರೋಚ್ ಡಿಸ್ಕ್, ಹೀಗೆ ಬೇರೆ ಬೇರೆ ಬಿಲ್ಲೆಗಳನ್ನು ಬಳಸುವರು. ಅಪ್ರೋಚ್ ಬಿಲ್ಲೆಗಳಲ್ಲಿ ಅನೇಕ ಆಟಗಾರರು ಮೆಚ್ಚುವುದು ಓವರ್‌ಸ್ಟೇಬಲ್, ಎಂದರೆ ಅತಿಸ್ಥಿರ, ಎಂಬ ಜಾತಿಯನ್ನು. ಆಶ್ಚರ್ಯವೆಂದರೆ, ಈ ಅತಿಸ್ಥಿರ ಬಿಲ್ಲೆಯು ನೇರವಾಗಿ ಹಾರುವುದೇ ಇಲ್ಲ! ಬಲಗೈಯವನು ಬ್ಯಾಕ್‌ಹ್ಯಾಂಡಿನಲ್ಲಿ ಎಸೆದರೆ ಅದು ತಪ್ಪದೆ ಎಡಕ್ಕೆ ಬಾಗಿ ಬೀಳುವುದು. ನೇರವಾಗಿ ಹೋಗದ ಬಿಲ್ಲೆಯನ್ನು ಗುರಿಯ ಹತ್ತಿರದ ಎಸೆತಕ್ಕೆ ಆರಿಸುವುದೇಕೆ? ಉತ್ತರಕ್ಕಾಗಿ ಬಿಲ್ಲೆಯ ಮೇಲೆ ವರ್ತಿಸುವ ಬಲಗಳನ್ನು ವಿಚಾರಿಸಬೇಕು.

ಎರಡು ಕೇಂದ್ರಗಳು

ಹಾರುತ್ತಿರುವ ಬಿಲ್ಲೆಯನ್ನು ಗುರುತ್ವಾಕರ್ಷಣೆಯು ಕೆಳಕ್ಕೆ ಎಳೆಯುತ್ತದೆ. ಈ ಬಲ ಗುರುತ್ವಕೇಂದ್ರದ ಮೂಲಕ, ಎಂದರೆ ಬಿಲ್ಲೆಯ ನಟ್ಟನಡುವೆ, ವರ್ತಿಸುತ್ತದೆ. ಬಿಲ್ಲೆಯ ಮೇಲೂ ಕೆಳಗೂ ಹರಿಯುವ ಗಾಳಿಯು ಅದನ್ನು ಮೇಲಕ್ಕೆ ಎತ್ತುತ್ತದೆ. ಈ ಎತ್ತುಬಲವೆಲ್ಲವೂ ಒಂದು ಬಿಂದುವಿನಲ್ಲಿ ವರ್ತಿಸುತ್ತದೆಂದು ಭಾವಿಸಿದರೆ, ಆ ಬಿಂದುವೇ ಒತ್ತಡಕೇಂದ್ರ. ಎರಡು ಕೇಂದ್ರಗಳೂ ಒಂದೇ ಕಡೆ ಇದ್ದಿದ್ದರೆ ತೊಡಕಿಲ್ಲ. ಆದರೆ ಒತ್ತಡಕೇಂದ್ರವು ಒಂದೆಡೆ ನಿಲ್ಲುವುದಿಲ್ಲ. ಬಿಲ್ಲೆಯು ಗಾಳಿಗೆ ಎದುರಾಗುವ ಕೋನವು, ಇದನ್ನು ನಾವು ಇದಿರುಕೋನ ಎನ್ನೋಣ, ಚಿಕ್ಕದಾಗಿದ್ದಾಗ ಒತ್ತಡಕೇಂದ್ರವು ನಡುವಿನಿಂದ ಹಿಂದಕ್ಕೆ ಸರಿದಿರುತ್ತದೆ. ಕೋನ ಹಿರಿದಾದಂತೆ ಅದು ಮುಂದಕ್ಕೆ ಬರುತ್ತದೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಪಾಟ್ಸ್ ಮತ್ತು ಕ್ರೌದರ್ ಎಂಬವರು ಫ್ರಿಸ್ಬಿಯಂತಹ ಬಿಲ್ಲೆಯನ್ನು ಗಾಳಿಸುರಂಗದಲ್ಲಿಟ್ಟು ಅಳೆದು, 2002ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಈ ಎರಡು ಕೇಂದ್ರಗಳೂ ಕೂಡುವುದು ಇದಿರುಕೋನ ಸುಮಾರು 9 ಡಿಗ್ರಿ ಇದ್ದಾಗ ಎಂದು ಕಂಡುಬಂದಿತು.

ಒತ್ತಡಕೇಂದ್ರ ಹಿಂದೆ ಇದ್ದರೆ ಎತ್ತುಬಲವು ಬಿಲ್ಲೆಯ ಮೂತಿಯನ್ನು ಕೆಳಕ್ಕೆ ತಿರುಗಿಸಲು ಯತ್ನಿಸುತ್ತದೆ. ಮುಂದೆ ಇದ್ದರೆ ಮೂತಿಯನ್ನು ಮೇಲಕ್ಕೆತ್ತಲು ಯತ್ನಿಸುತ್ತದೆ. ಹಾಗಾದರೆ ಬಿಲ್ಲೆಯು ಮುಂದಕ್ಕೋ ಹಿಂದಕ್ಕೋ ಮಗುಚಬೇಕಲ್ಲವೆ? ಅದು ಪಕ್ಕಕ್ಕೆ ವಾಲುವುದೇಕೆ?

ಬುಗುರಿಯ ಪಾಠ

ಈ ಪ್ರಶ್ನೆಗೆ ಉತ್ತರ ಹಳ್ಳಿಯ ಹುಡುಗರ ಕೈಯಲ್ಲಿರುವ ಬುಗುರಿಯಲ್ಲಿದೆ. ತಿರುಗದೆ ನಿಲ್ಲಿಸಿದ ಬುಗುರಿ ಆ ಕ್ಷಣವೇ ಉರುಳುತ್ತದೆ. ರಭಸವಾಗಿ ತಿರುಗುವ ಬುಗುರಿಯಾದರೋ, ಓರೆಯಾಗಿದ್ದರೂ ಬೀಳದು. ಅದರ ಅಕ್ಷವು ನಿಧಾನವಾಗಿ ಸುತ್ತುಹಾಕುತ್ತದೆ. ಕೆಡವಲು ಯತ್ನಿಸುವ ಬಲಕ್ಕೆ ಅದು ಲಂಬ ದಿಕ್ಕಿನಲ್ಲಿ ಚಲಿಸಿ ಉತ್ತರ ಕೊಡುತ್ತದೆ. ಇದಕ್ಕೆ ಪ್ರಿಸೆಷನ್ ಎಂದು ಹೆಸರು. ಬಿಲ್ಲೆಯೂ ಒಂದು ಚಪ್ಪಟೆಯಾದ ಬುಗುರಿಯೇ. ಬಲಗೈಯ ಬ್ಯಾಕ್‌ಹ್ಯಾಂಡ್ ಎಸೆತದಲ್ಲಿ, ಮೇಲಿನಿಂದ ನೋಡಿದಾಗ, ಅದು ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ಆಗ ಮೂತಿಯನ್ನು ಎತ್ತುವ ಯತ್ನವು ಬಿಲ್ಲೆಯನ್ನು ಎಡಕ್ಕೆ ವಾಲಿಸುತ್ತದೆ. ಮೂತಿಯನ್ನು ತಗ್ಗಿಸುವ ಯತ್ನವು ಬಲಕ್ಕೆ ವಾಲಿಸುತ್ತದೆ. ಎಡಗೈಯವರಿಗೂ, ಬಲಗೈಯ ಫೋರ್‌ಹ್ಯಾಂಡಿಗೂ ಎಲ್ಲವೂ ತಿರುವುಮುರುವು.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಬಿಲ್ಲೆಯ ವ್ಯಾಸ 21 ಸೆಂಟಿಮೀಟರ್, ತೂಕ 174 ಗ್ರಾಂ ಎಂದಿಟ್ಟುಕೊಳ್ಳೋಣ. ಸಂಘದ ನಿಯಮದಂತೆ ವ್ಯಾಸದ ಪ್ರತಿ ಸೆಂಟಿಮೀಟರಿಗೆ 8.3 ಗ್ರಾಂ ಮೀರಬಾರದಾದುದರಿಂದ ಇದು ಆ ಅಳತೆಯ ಬಿಲ್ಲೆಗೆ ಹೆಚ್ಚುಕಡಿಮೆ ಗರಿಷ್ಠ ತೂಕ. ಅಂಚಿನಲ್ಲಿ ಭಾರ ಹೆಚ್ಚಾಗಿರುವುದರಿಂದ ಅದರ ಜಡತ್ವದ ಮಹತ್ವವನ್ನು ಸುಮಾರು 0.00125 ಕಿಲೋಗ್ರಾಂ-ಚದರಮೀಟರ್ ಎನ್ನಬಹುದು. ಸೆಕೆಂಡಿಗೆ 10 ಸುತ್ತು ತಿರುಗಿದರೆ ಕೋನೀಯ ಸಂವೇಗ ಸುಮಾರು 0.08 ಆಗುತ್ತದೆ. ಎತ್ತುಬಲವು ತೂಕಕ್ಕೆ ಸಮ, ಎಂದರೆ 1.7 ನ್ಯೂಟನ್, ಒತ್ತಡಕೇಂದ್ರವು ನಡುವಿನಿಂದ 1 ಸೆಂಟಿಮೀಟರ್ ಮುಂದಿದೆ ಎನ್ನೋಣ. ಆಗ ತಿರುಚುಬಲ 0.017 ನ್ಯೂಟನ್-ಮೀಟರ್. ಇದನ್ನು ಕೋನೀಯ ಸಂವೇಗದಿಂದ ಭಾಗಿಸಿದರೆ, ಬಿಲ್ಲೆಯು ಸೆಕೆಂಡಿಗೆ ಸುಮಾರು 12 ಡಿಗ್ರಿಯಂತೆ ಎಡಕ್ಕೆ ವಾಲುತ್ತದೆಂದು ತಿಳಿಯುತ್ತದೆ. ತಿರುಗದ ಬಿಲ್ಲೆಯನ್ನು ಇದೇ ತಿರುಚುಬಲವು ಅರೆ ಸೆಕೆಂಡಿನೊಳಗೆ ಅಂಗಾತ ಮಗುಚಿಹಾಕುತ್ತಿತ್ತು. ತಿರುಗುವಿಕೆಯು ದೋಷವನ್ನು ಅಳಿಸುವುದಿಲ್ಲ. ಅದನ್ನು ನಿಧಾನಗೊಳಿಸಿ, ಪಕ್ಕಕ್ಕೆ ತಿರುಗಿಸುತ್ತದೆ, ಅಷ್ಟೆ.

ಒಂದು ಎಸೆತದ ಜೀವಿತ

ಕೈಬಿಟ್ಟ ಕ್ಷಣದಲ್ಲಿ ಬಿಲ್ಲೆಯ ವೇಗ ಹೆಚ್ಚು, ಇದಿರುಕೋನ ಚಿಕ್ಕದು. ಒತ್ತಡಕೇಂದ್ರ ಹಿಂದಿರುವುದರಿಂದ ಸಾಧಾರಣ ಬಿಲ್ಲೆಯು ಆಗ ಬಲಕ್ಕೆ ವಾಲಲು ತೊಡಗುತ್ತದೆ. ಗಾಳಿಯ ತಡೆಯಿಂದ ವೇಗ ಕುಗ್ಗಿದಂತೆ ಎತ್ತುಬಲ ಸಾಲದೆ ಬಿಲ್ಲೆಯ ಹಾದಿ ಕೆಳಕ್ಕೆ ಬಾಗುತ್ತದೆ. ಆದರೆ ಬುಗುರಿಯ ಗುಣದಿಂದ ಬಿಲ್ಲೆಯು ತನ್ನ ಮಟ್ಟವನ್ನು ಬಿಟ್ಟುಕೊಡುವುದಿಲ್ಲ. ಆದುದರಿಂದ ಇದಿರುಕೋನ ಬೆಳೆಯುತ್ತದೆ, ಒತ್ತಡಕೇಂದ್ರ ಮುಂದಕ್ಕೆ ಬರುತ್ತದೆ, ಬಿಲ್ಲೆಯು ಎಡಕ್ಕೆ ವಾಲುತ್ತ ಇಳಿಯುತ್ತದೆ. ಮೊದಲ ಚಲನೆಗೆ ಟರ್ನ್ ಎಂದೂ ಕೊನೆಯದಕ್ಕೆ ಫೇಡ್ ಎಂದೂ ಆಟಗಾರರು ಹೇಳುವರು.

ಅತಿಸ್ಥಿರ ಬಿಲ್ಲೆಯಲ್ಲಿ ಈ ಮೊದಲ ಅಂಕವೇ ಇಲ್ಲ. ಅದರ ಆಕಾರದ ಫಲವಾಗಿ ಕೈಯ ಸಾಧಾರಣ ವೇಗಗಳಲ್ಲಿ ಒತ್ತಡಕೇಂದ್ರವು ನಡುವಿನಿಂದ ಹಿಂದಕ್ಕೆ ಹೆಚ್ಚಾಗಿ ಸರಿಯುವುದಿಲ್ಲ. ಸಾಧಾರಣ ಬಿಲ್ಲೆಯಲ್ಲಿ ವೇಗವೋ ಕೋನವೋ ತುಸು ಬದಲಾದರೆ ತಿರುಚುಬಲದ ದಿಕ್ಕೇ ಬದಲಾಗಬಹುದು, ಧನವಿದ್ದುದು ಋಣವಾಗಬಹುದು. ಅತಿಸ್ಥಿರ ಬಿಲ್ಲೆಯಲ್ಲಿ ಬದಲಾಗುವುದು ಅಳತೆ ಮಾತ್ರ, ದಿಕ್ಕಲ್ಲ. ಅದರ ಯೋಗ್ಯತೆಯೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ಇದಿರುಗಾಳಿಯ ಪರೀಕ್ಷೆ

ಗಾಳಿ ಬೀಸಿದಾಗ ಈ ಗುಣ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ಹೆದ್ದಾರಿಯ ಮೇಲಿರುವ ಮಲವಗೊಪ್ಪವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿಂದ ಶಿವಮೊಗ್ಗವು ವಾಯವ್ಯಕ್ಕೂ ಭದ್ರಾವತಿಯು ಆಗ್ನೇಯಕ್ಕೂ ಇವೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆಗಾಲದ ಗಾಳಿ ಬಹುಮಟ್ಟಿಗೆ ಪಶ್ಚಿಮದ ಕಡೆಯಿಂದ ಬೀಸುವುದು. ಹೀಗಿರಲು ಊರ ಹೊರಗಿನ ಬಯಲಿನಲ್ಲಿ ಶಿವಮೊಗ್ಗದ ಕಡೆಗೆ ಎಸೆಯುವವನಿಗೆ ಅದು ಇದಿರುಗಾಳಿ. ಭದ್ರಾವತಿಯ ಕಡೆಗೆ ಎಸೆಯುವವನಿಗೆ ಹಿಂಗಾಳಿ.

ಬಿಲ್ಲೆಯು ನೆಲಕ್ಕೆ ಸಾಪೇಕ್ಷವಾಗಿ ಸೆಕೆಂಡಿಗೆ 15 ಮೀಟರ್ ವೇಗದಿಂದ ಹೋಗುತ್ತಿದೆ, ಗಾಳಿಯ ವೇಗ 5 ಮೀಟರ್ ಎಂದಿಟ್ಟುಕೊಳ್ಳಿ. ಬಿಲ್ಲೆಗೆ ಲೆಕ್ಕವಿರುವುದು ಗಾಳಿಗೆ ಸಾಪೇಕ್ಷವಾದ ವೇಗ ಮಾತ್ರ. ಶಿವಮೊಗ್ಗದ ಕಡೆಗೆ ಅದು 20, ಭದ್ರಾವತಿಯ ಕಡೆಗೆ 10. ಗಾಳಿಯ ಬಲಗಳು ವೇಗದ ವರ್ಗಕ್ಕನುಗುಣವಾಗಿ ಬೆಳೆಯುವುದರಿಂದ, ಇದಿರುಗಾಳಿಯಲ್ಲಿ ಅವು ಗಾಳಿಯಿಲ್ಲದಾಗ ಇದ್ದುದರ 1.78 ಪಾಲು, ಹಿಂಗಾಳಿಯಲ್ಲಿ 0.44 ಪಾಲು. ಒಂದೇ ಬಯಲು, ಒಂದೇ ತೋಳು, ಒಂದೇ ಬಿಲ್ಲೆ. ಆದರೂ ಬಲಗಳಲ್ಲಿ ನಾಲ್ಕು ಪಟ್ಟು ಅಂತರ!

ಇದಿರುಗಾಳಿಯಿಂದ ಎಲ್ಲ ಬಿಲ್ಲೆಗಳಿಗೂ ಕೇಡೆಂದು ತಿಳಿಯಬಾರದು. ಮೈಸೂರಿನಲ್ಲಿ 1983ರಲ್ಲಿ ಹುಟ್ಟಿದ ವಿಕಾಸ್ ಗೌಡ ಅವರು 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ 63.64 ಮೀಟರ್ ಎಸೆದು ಚಿನ್ನದ ಪದಕವನ್ನು ಪಡೆದ ಡಿಸ್ಕಸ್ ಎಸೆತದಲ್ಲಿ, ಹದವಾದ ಇದಿರುಗಾಳಿಯು ಎತ್ತುಬಲವನ್ನು ಹೆಚ್ಚಿಸಿ ದೂರವನ್ನು ಕೂಡಿಸುತ್ತದೆ. ಪುರುಷರ ಡಿಸ್ಕಸ್‌ನ ತೂಕ 2 ಕಿಲೋಗ್ರಾಂ; ನಮ್ಮ ಬಿಲ್ಲೆಯ ಹನ್ನೊಂದು ಪಟ್ಟಿಗಿಂತ ಹೆಚ್ಚು. ಅಷ್ಟು ಭಾರವನ್ನು ಗಾಳಿಯು ಸುಲಭವಾಗಿ ವಾಲಿಸಲಾರದು. ಹಗುರವಾದ ಗಾಲ್ಫ್ ಬಿಲ್ಲೆಯ ಪಾಡು ಬೇರೆ. ಸಾಧಾರಣ ಬಿಲ್ಲೆಯು ಇದಿರುಗಾಳಿಯಲ್ಲಿ ಬಲಕ್ಕೆ ಹೊರಳಿ, ಕೆಲವೊಮ್ಮೆ ಪೂರ್ತಿಯಾಗಿ ಮಗುಚಿಯೇ ಬೀಳುವುದು. ಅತಿಸ್ಥಿರ ಬಿಲ್ಲೆಯು ಅದೇ ಗಾಳಿಯಲ್ಲಿ ಎಡಕ್ಕೆ ಬಾಗುವುದನ್ನು ಕಡಿಮೆ ಮಾಡಿ, ಹೆಚ್ಚು ನೇರವಾಗಿ ಹೋಗಿ, ಕೊನೆಯಲ್ಲಿ ತನ್ನ ವಾಡಿಕೆಯಂತೆ ಎಡಕ್ಕೇ ಇಳಿಯುವುದು. ಹಿಂಗಾಳಿಯಲ್ಲಿ ಎತ್ತುಬಲ ಕುಗ್ಗುವುದರಿಂದ ಅದು ಬೇಗನೆ ಬಾಗಿ ಬೀಳುವುದು ನಿಜ. ಆದರೆ ಬೀಳುವ ಕಡೆ ಮೊದಲೇ ಗೊತ್ತಿರುತ್ತದೆ.

ಬಿಲ್ಲೆಯನ್ನು ಆರಿಸುವುದು ಹೇಗೆ?

ಬಿಲ್ಲೆಯ ಮೇಲೆ ತಯಾರಕರು ಸಾಮಾನ್ಯವಾಗಿ ನಾಲ್ಕು ಅಂಕಿಗಳನ್ನು ಮುದ್ರಿಸಿರುತ್ತಾರೆ. ಅವು ಕ್ರಮವಾಗಿ ವೇಗ, ತೇಲುವ ಗುಣ, ಟರ್ನ್, ಫೇಡ್. ಡಿಸ್ಕ್ರಾಫ್ಟ್ ಕಂಪೆನಿಯ ಜೋನ್ ಎಂಬ ಬಿಲ್ಲೆಗೆ 4, 3, 0, 3. ಇನೋವಾದ ಗೇಟರ್ ಬಿಲ್ಲೆಗೆ 5, 2, 0, 3. ಸ್ವೀಡನ್ನಿನ ಕಾಸ್ಟಾಪ್ಲಾಸ್ಟ್‌ನವರ ಬರ್ಗ್ ಬಿಲ್ಲೆಗೆ 1, 1, 0, 2. ಹೋಲಿಕೆಗೆ, ಇನೋವಾದ ಏವಿಯರ್ ಎಂಬ ಪಟ್ಟರಿಗೆ 2, 3, 0, 1. ಟರ್ನ್ ಸೊನ್ನೆ ಅಥವಾ ಅದಕ್ಕಿಂತ ಹೆಚ್ಚು, ಫೇಡ್ 2 ಅಥವಾ 3 ಇದ್ದರೆ ಅತಿಸ್ಥಿರವೆಂದು ಊಹಿಸಬಹುದು. ತೇಲುವ ಗುಣ ಕಡಿಮೆಯಿರುವುದು ಇಲ್ಲಿ ಕೊರತೆಯಲ್ಲ. ಬುಟ್ಟಿಯನ್ನು ದಾಟಿ ದೂರ ತೇಲಿಹೋಗದೆ ಬಿಲ್ಲೆ ಇಳಿಯಬೇಕೆಂಬುದೇ ನಮ್ಮ ಅಪೇಕ್ಷೆ. ಆದರೆ ಈ ಅಂಕಿಗಳು ಮೀಟರ್, ಗ್ರಾಂಗಳಂತೆ ನಿಷ್ಕೃಷ್ಟವಾದ ಮಾನಗಳಲ್ಲ. ತಯಾರಕರು ತಮ್ಮ ಅನುಭವದಿಂದ ಕೊಟ್ಟ ಸೂಚನೆಗಳು.

ಆದುದರಿಂದ ಕಣ್ಣಿನಿಂದಲೂ ನೋಡಬೇಕು. ಬಿಲ್ಲೆಯನ್ನು ಮೇಜಿನ ಮೇಲಿಟ್ಟು ಅಂಚಿನ ತುತ್ತತುದಿಯು ಮೇಜಿನಿಂದ ಎಷ್ಟು ಎತ್ತರದಲ್ಲಿದೆಯೆಂಬುದನ್ನು ಗಮನಿಸಿ. ಬೇರೆಲ್ಲವೂ ಸಮವಾಗಿದ್ದರೆ, ತುದಿ ಎತ್ತರವಾಗಿದ್ದಷ್ಟೂ ಬಿಲ್ಲೆ ಅತಿಸ್ಥಿರ. ಮೇಲ್ಮೈ ಗುಮ್ಮಟದಂತೆ ಉಬ್ಬಿರದೆ ಚಪ್ಪಟೆಯಾಗಿದ್ದರೆ ತೇಲುವುದು ಕಡಿಮೆ. ಬಳಸಿ ಬಳಸಿ ಅಂಚು ಸವೆದಂತೆ ಈ ಗುಣ ಕುಂದುತ್ತದೆ. ಆದುದರಿಂದ ಬೇಗ ಸವೆಯದ ಗಟ್ಟಿ ಪ್ಲಾಸ್ಟಿಕ್ಕಿನದನ್ನು ಕೊಳ್ಳುವುದು ಲೇಸು. ಇನ್ನು ತೋಳಿನ ಮಾತು. ಮೆಲ್ಲಗೆ ಎಸೆಯುವವರ ಕೈಯಲ್ಲಿ ಎಲ್ಲ ಬಿಲ್ಲೆಗಳೂ ಹೆಚ್ಚು ಎಡಕ್ಕೆ ಬಾಗುವುದರಿಂದ, ಹೊಸಬರಿಗೆ ಫೇಡ್ 2 ಇರುವುದೇ ಸಾಕು.

ಅಳೆದು ನಂಬುವುದು

ಕೊನೆಯ ತೀರ್ಪು ಬಯಲಿನದು. 30 ಮೀಟರ್ ದೂರದಲ್ಲಿ ಒಂದು ಗೂಟವನ್ನು ನೆಟ್ಟು, ಪ್ರತಿ ಬಿಲ್ಲೆಯನ್ನೂ ಇಪ್ಪತ್ತು ಸಲ ಗೂಟದ ಕಡೆಗೇ ಎಸೆದು, ಬಿದ್ದ ಸ್ಥಳವು ಗೂಟದಿಂದ ಎಡಕ್ಕೋ ಬಲಕ್ಕೋ ಎಷ್ಟು ದೂರವೆಂದು ಟೇಪಿನಿಂದ ಅಳೆದು ಬರೆದುಕೊಳ್ಳಿ. ಗಟ್ಟಿ ನೆಲದಲ್ಲಿ ಬಿಲ್ಲೆಯು ಪುಟಿದು ಇನ್ನೂ ಎಡಕ್ಕೆ ಜಾರಬಹುದು. ಜಾರಿ ನಿಂತ ಸ್ಥಳವನ್ನೇ ಗಣಿಸಬೇಕು. ಅನಂತರ ಸರಾಸರಿಯನ್ನೂ, ಸರಾಸರಿಯ ಸುತ್ತಲಿನ ಚದರಿಕೆಯನ್ನೂ ಬೇರೆ ಬೇರೆಯಾಗಿ ಕಂಡುಹಿಡಿಯಿರಿ.

ಅತಿಸ್ಥಿರ ಬಿಲ್ಲೆಯ ಸರಾಸರಿ 4 ಮೀಟರ್ ಎಡಕ್ಕೂ ಚದರಿಕೆ 1 ಮೀಟರೂ ಇದ್ದು, ಸಾಧಾರಣ ಬಿಲ್ಲೆಯ ಸರಾಸರಿ ಸೊನ್ನೆಯೂ ಚದರಿಕೆ 3 ಮೀಟರೂ ಇದೆಯೆಂದು ಊಹಿಸೋಣ. ಸರಾಸರಿಯನ್ನು ಮಾತ್ರ ನೋಡುವವನು ಎರಡನೆಯದನ್ನೇ ಒಳ್ಳೆಯದೆನ್ನುವನು. ಆದರೆ ಮೊದಲನೆಯದನ್ನು ಸುಮಾರು ಏಳೂವರೆ ಡಿಗ್ರಿ ಬಲಕ್ಕೆ ಗುರಿಯಿಟ್ಟು ಎಸೆದರೆ, ಅದರ 4 ಮೀಟರ್ ದೋಷ ಅಲ್ಲಿಗೇ ತೀರಿತು. ಉಳಿಯುವುದು 1 ಮೀಟರಿನ ಚದರಿಕೆ. ಎರಡನೆಯದರ 3 ಮೀಟರನ್ನು ಕಳೆಯಲು ಯಾವ ಗುರಿಯೂ ಇಲ್ಲ. ಇದೇ ಪ್ರಯೋಗವನ್ನು ಗಾಳಿಯ ದಿನದಲ್ಲಿಯೂ ಮಾಡಿ, ಎರಡು ಪಟ್ಟಿಗಳನ್ನು ಹೋಲಿಸಿ. ಯಾವ ಬಿಲ್ಲೆಯ ಚದರಿಕೆ ಗಾಳಿಯಲ್ಲಿಯೂ ಕಡಿಮೆ ಬೆಳೆಯುವುದೋ ಅದೇ ನಿಮ್ಮ ಕೈಗೆ ತಕ್ಕ ಬಿಲ್ಲೆ. ಅಂಗಡಿಯವನ ಮಾತಿಗಿಂತಲೂ, ಮುದ್ರಿಸಿದ ಅಂಕಿಗಳಿಗಿಂತಲೂ, ನಿಮ್ಮ ಟಿಪ್ಪಣಿ ಪುಸ್ತಕದ ಆ ಎರಡು ಪಟ್ಟಿಗಳೇ ಹೆಚ್ಚು ಪ್ರಮಾಣ.