ಡಾಕ್ಟರಿಗೆ ಮೊದಲು ಬರೆಯಿರಿ, ಆಮೇಲೆ ಹೋಗಿ

ಗಂಡ, ಹೆಂಡತಿ, ಇಬ್ಬರು ಮಕ್ಕಳ ಸಂಸಾರ ಕೆಲಸದ ವೀಸಾದ ಮೇಲೆ ಇಂಗ್ಲೆಂಡಿಗೆ ಹೊರಟಿದೆ ಎನ್ನಿ. 2024ರ ಫೆಬ್ರವರಿಯಲ್ಲಿ ಏರಿಸಿದ ದರದಂತೆ ಆರೋಗ್ಯ ಸರ್‌ಚಾರ್ಜ್ ದೊಡ್ಡವರಿಗೆ ವರ್ಷಕ್ಕೆ ತಲಾ 1,035 ಪೌಂಡ್, ಮಕ್ಕಳಿಗೆ ತಲಾ 776. ಮೂರು ವರ್ಷದ ವೀಸಾ ಆದರೆ ವಿಮಾನ ಹತ್ತುವ ಮೊದಲೇ 10,866 ಪೌಂಡ್ ಕಟ್ಟಿಯಾಗಿರುತ್ತದೆ. (ಆರೋಗ್ಯ ಮತ್ತು ಆರೈಕೆ ಕೆಲಸದ ವೀಸಾದಲ್ಲಿ ಬಂದವರಿಗೆ, ಅಂದರೆ ನಮ್ಮ ನರ್ಸ್, ಡಾಕ್ಟರುಗಳ ಮನೆಯವರಿಗೆ, ಇದು ಮಾಫಿ.) ಇಷ್ಟು ದುಡ್ಡು ಕೊಟ್ಟು ಬಂದವರಲ್ಲಿ ಎಷ್ಟೋ ಜನ ತಿಂಗಳುಗಟ್ಟಲೆ ಜಿಪಿ (ಇಲ್ಲಿಯ ಕುಟುಂಬ ವೈದ್ಯರು) ಹತ್ತಿರ ಹೆಸರು ಹಚ್ಚಿಸುವುದೇ ಇಲ್ಲ. ಊರಿಂದ ತಂದ ಡೋಲೋ, ಕೆಮ್ಮಿನ ಸಿರಪ್ಪು ಖಾಲಿಯಾಗುವ ತನಕ ಹಾಗೇ ದಿನ ತಳ್ಳುತ್ತಾರೆ.

ಅವರನ್ನು ದೂರುವಂತಿಲ್ಲ. ನಮಗೆ ರೂಢಿಯಾದ ದಾರಿಯೇ ಬೇರೆ. ಕಿವಿ ನೋವಿಗೆ ಇಎನ್‌ಟಿ, ಮಂಡಿ ನೋವಿಗೆ ಆರ್ಥೋ. ಟೋಕನ್ ತಗೊಂಡು, ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಕೂತರೆ ಅವತ್ತು ಸಂಜೆಗೇ ಡಾಕ್ಟರು ಸಿಗುತ್ತಾರೆ. ಇಲ್ಲಿ ತಜ್ಞರ ಹತ್ತಿರ ನೇರ ಹೋಗುವಂತಿಲ್ಲ, ಜಿಪಿ ಕಳಿಸಬೇಕು. ಆ ಜಿಪಿಯ ಹತ್ತಿರವೂ ಈಗ ನೇರ ಹೋಗುವುದು ಕಡಿಮೆಯಾಗಿದೆ. ಬೆಳಿಗ್ಗೆ ಎಂಟು ಹೊಡೆದ ಕೂಡಲೇ ಊರಿನವರೆಲ್ಲ ಒಟ್ಟಿಗೆ ಫೋನ್ ಮಾಡಿ, ಲೈನ್ ಸಿಕ್ಕವರಿಗೆ ಮಾತ್ರ ಅಪಾಯಿಂಟ್‌ಮೆಂಟ್ ಎಂಬ ಪದ್ಧತಿ ಬಹಳ ವರ್ಷ ನಡೆಯಿತು. ಅದನ್ನು ತಪ್ಪಿಸಲಿಕ್ಕೆಂದೇ ಆನ್‌ಲೈನ್ ಫಾರಂ ಬಂದದ್ದು. 2025ರ ಅಕ್ಟೋಬರ್ 1ರಿಂದ ಇಂಗ್ಲೆಂಡಿನ ಎಲ್ಲ ಜಿಪಿ ಕ್ಲಿನಿಕ್‌ಗಳೂ (ಇಲ್ಲಿ ಅವನ್ನು ಸರ್ಜರಿ ಎನ್ನುತ್ತಾರೆ, ಗಾಬರಿಯಾಗಬೇಡಿ) ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 8ರಿಂದ ಸಂಜೆ 6.30ರ ತನಕ ಈ ಫಾರಮ್ಮನ್ನು ತೆರೆದಿಟ್ಟಿರಬೇಕು. ನೀವು ಬರೆದದ್ದನ್ನು ಓದಿ ಅವರು ತೀರ್ಮಾನಿಸುತ್ತಾರೆ: ಇವತ್ತೇ ನೋಡಬೇಕೋ, ಫೋನಿನಲ್ಲಿ ಮಾತಾಡಿದರೆ ಸಾಕೋ, ನರ್ಸ್ ನೋಡಬಹುದೋ, ಫಾರ್ಮಸಿಗೆ ಕಳಿಸಬಹುದೋ. ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಆಪ್ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಆದರೆ ಫಾರಮ್ಮಿನಲ್ಲಿ ನಾಲ್ಕು ಸಾಲು ಸರಿಯಾಗಿ ಬರೆಯುವುದನ್ನು ಕಲಿತವರ ಕೆಲಸ ಬೇಗ ಆಗುತ್ತದೆ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ಅದಕ್ಕೂ ಮೊದಲು ನೋಂದಣಿ. ಮನೆ ಸಿಕ್ಕ ವಾರವೇ, ಎಲ್ಲರೂ ಗಟ್ಟಿಮುಟ್ಟಾಗಿರುವಾಗಲೇ ಮಾಡಿಬಿಡಿ. ಎನ್‌ಎಚ್‌ಎಸ್ ವೆಬ್‌ಸೈಟಿನಲ್ಲಿ ನಿಮ್ಮ ಪೋಸ್ಟ್‌ಕೋಡ್ ಹಾಕಿದರೆ ಹತ್ತಿರದ ಸರ್ಜರಿಗಳು ಕಾಣುತ್ತವೆ, ಅಲ್ಲಿಂದಲೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ವಿಳಾಸದ ಪುರಾವೆ, ಗುರುತಿನ ಚೀಟಿ, ವೀಸಾ ಇಲ್ಲದಿದ್ದರೆ ಹೆಸರು ಹಚ್ಚುವುದಿಲ್ಲ ಎಂದು ಯಾರಾದರೂ ಅಂದರೆ, ನಿಯಮ ಹಾಗಿಲ್ಲ ಎಂದು ಸೌಮ್ಯವಾಗಿ ಹೇಳಿ, ಅವು ಕಡ್ಡಾಯವಲ್ಲ. ಕೆಲವು ದಿನಗಳಲ್ಲಿ ಹತ್ತು ಅಂಕಿಯ ಎನ್‌ಎಚ್‌ಎಸ್ ನಂಬರ್ ಬರುತ್ತದೆ. ಆಮೇಲೆ ಎನ್‌ಎಚ್‌ಎಸ್ ಆಪ್ ಇಳಿಸಿಕೊಂಡು, ಪಾಸ್‌ಪೋರ್ಟಿನ ಫೋಟೋ ಹಾಕಿ, ಮುಖದ ವಿಡಿಯೋ ತೋರಿಸಿ ಗುರುತು ಖಚಿತಪಡಿಸಿಕೊಳ್ಳಬೇಕು. 13 ವರ್ಷ ತುಂಬಿದ ಯಾರು ಬೇಕಾದರೂ ತಮ್ಮ ಖಾತೆ ತೆರೆಯಬಹುದು. ಚಿಕ್ಕ ಮಕ್ಕಳ ವಿವರ ನಿಮ್ಮ ಖಾತೆಯಲ್ಲೇ ಕಾಣಬೇಕಾದರೆ ಸರ್ಜರಿಯಲ್ಲಿ ಕೇಳಿ ಅನುಮತಿ ಪಡೆಯಿರಿ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನಲ್ಲಿರುವ ನಮ್ಮ ಕನ್ನಡ ಕೂಟದ ಸದಸ್ಯರಿಗೆ ಈ ಆಪ್ ಅನ್ವಯಿಸುವುದಿಲ್ಲ. ಅಲ್ಲಿಯ ವ್ಯವಸ್ಥೆಯೇ ಬೇರೆ.

ಒಂದು ಕಿವಿಮಾತು. ಮನೆಗೆಲ್ಲ ಒಂದೇ ಇಮೇಲ್, ಅದೂ ಯಜಮಾನರದ್ದು, ಎಂಬ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಇಲ್ಲಿ ಅದನ್ನು ಬಿಡಿ. ಹೆಂಡತಿಯ ಖಾತೆ ಹೆಂಡತಿಯ ಇಮೇಲಿನಲ್ಲಿ, ಅವರ ಫೋನಿನಲ್ಲಿ, ಅವರ ಪಾಸ್‌ವರ್ಡ್‌ನಲ್ಲಿರಲಿ. ಡಾಕ್ಟರ ಹತ್ತಿರ ಆಡಿದ ಮಾತು ಈಗ ಆಪ್‌ನಲ್ಲಿ ಅಕ್ಷರವಾಗಿ ಕೂರುತ್ತದೆ, ಅದನ್ನು ಯಾರು ಓದಬೇಕೆಂಬುದು ಅವರವರ ಹಕ್ಕು. ಮನೆಯಲ್ಲಿ ತೊಂದರೆಯಿದ್ದು ಬೇರೆಯವರು ಓದಿಯಾರು ಎಂಬ ಭಯವಿದ್ದರೆ, ಆನ್‌ಲೈನ್ ದಾಖಲೆಯನ್ನು ಮುಚ್ಚಿಡಿ ಎಂದು ಸರ್ಜರಿಗೆ ಹೇಳಬಹುದು.

ಇನ್ನು ಫಾರಂ. ‘ತುಂಬಾ ದಿನದಿಂದ ಹೊಟ್ಟೆನೋವು, ಡಾಕ್ಟರನ್ನು ನೋಡಬೇಕು’ ಎಂದು ಬರೆದರೆ ಓದುವವರಿಗೆ ಏನೂ ಸಿಗುವುದಿಲ್ಲ. ಸಾಲಿನ ಕೊನೆಗೆ ಹೋಗುತ್ತದೆ. ಹೀಗೆ ಬರೆದು ನೋಡಿ: ‘ಮೂರು ವಾರದಿಂದ ಹೊಟ್ಟೆಯ ಮೇಲ್ಭಾಗದಲ್ಲಿ ಉರಿ. ಊಟವಾಗಿ ಅರ್ಧ ಗಂಟೆಗೆ ಶುರುವಾಗುತ್ತದೆ, ರಾತ್ರಿ ಎರಡು ಸಲ ಎಚ್ಚರವಾಗುತ್ತದೆ. ತೂಕ ಎರಡು ಕಿಲೋ ಇಳಿದಿದೆ. ಅಂಗಡಿಯಿಂದ ಆಂಟಾಸಿಡ್ ತಂದು ಹತ್ತು ದಿನ ತಗೊಂಡೆ, ಗುಣವಿಲ್ಲ. ನನ್ನ ತಂದೆಗೆ ಹೊಟ್ಟೆಯ ಕ್ಯಾನ್ಸರ್ ಇತ್ತು, ಅದೇ ಭಯ.’ ತೂಕ ಇಳಿದದ್ದು, ತಂದೆಯ ಕಾಯಿಲೆ, ಇವೆರಡನ್ನು ಓದಿದ ಮೇಲೆ ಯಾರೂ ಈ ಅರ್ಜಿಯನ್ನು ಬದಿಗಿಡುವುದಿಲ್ಲ. ಯಾವಾಗಿನಿಂದ, ಏನು ಮಾಡಿದರೆ ಹೆಚ್ಚುತ್ತದೆ, ಇಷ್ಟರಲ್ಲಿ ಏನೇನು ತಗೊಂಡಿರಿ, ನಿಮಗಿರುವ ಅಂಜಿಕೆ ಯಾವುದು, ಇಷ್ಟು ಸಾಕು. ಸುಸ್ತು ಎಂದು ಬಿಡುವ ಬದಲು, ಮೊದಲು ಒಂದೇ ಉಸಿರಿಗೆ ಹತ್ತುತ್ತಿದ್ದ ಮೆಟ್ಟಿಲನ್ನು ಈಗ ಎರಡು ಕಡೆ ನಿಂತು ಹತ್ತುತ್ತೇನೆ ಎಂದು ಬರೆಯಿರಿ. ನಮ್ಮವರಿಗೆ ಸಂಕೋಚ ಜಾಸ್ತಿ: ಮುಟ್ಟಿನ ವಿಷಯ, ಮೂಲವ್ಯಾಧಿ, ನಿದ್ದೆ ಬಾರದ್ದು, ಮನಸ್ಸು ಕುಗ್ಗಿದ್ದು, ಯಾವುದನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ನಿಜ ಹೇಳಬೇಕೆಂದರೆ ಇಂಥವರಿಗೆ ಫಾರಮ್ಮಿನಿಂದ ಉಪಕಾರವೇ ಆಗಿದೆ. ರಿಸೆಪ್ಷನ್ನಿನಲ್ಲಿ ಹತ್ತು ಜನರ ಎದುರು ಹೇಳಲಾಗದ್ದನ್ನು ಬರೆಯಬಹುದು. ಹೆಣ್ಣು ಡಾಕ್ಟರೇ ಬೇಕೆಂದಿದ್ದರೆ ಅದನ್ನೂ ಅಲ್ಲೇ ಬರೆಯಿರಿ.

ಚರ್ಮದ ತೊಂದರೆಗೆ ಫೋಟೋ ಕಳಿಸಿ ಎನ್ನುತ್ತಾರೆ. ನಮ್ಮ ಮೈಬಣ್ಣದ ಮೇಲೆ ಕೆಂಪು ಸರಿಯಾಗಿ ಕಾಣುವುದಿಲ್ಲ. ನೇರಳೆ, ಕಂದು, ಕೆಲವೊಮ್ಮೆ ಬರೀ ಕಪ್ಪಾಗಿ ಕಾಣುತ್ತದೆ. ಲಂಡನ್ನಿನ ಸೇಂಟ್ ಜಾರ್ಜ್ಸ್‌ನಲ್ಲಿ ಓದುತ್ತಿದ್ದ ವೈದ್ಯ ವಿದ್ಯಾರ್ಥಿ ಮಲೋನ್ ಮುಕ್ವೆಂಡೆ ಕಪ್ಪು, ಕಂದು ಚರ್ಮದ ಮೇಲೆ ರೋಗಲಕ್ಷಣಗಳು ಹೇಗೆ ಕಾಣುತ್ತವೆ ಎಂದು ತಮ್ಮ ಅಧ್ಯಾಪಕರ ಜೊತೆ ಸೇರಿ 2020ರಲ್ಲಿ ಒಂದು ಕೈಪಿಡಿಯನ್ನೇ ಮಾಡಬೇಕಾಯಿತು, ಅಂದರೆ ಪಠ್ಯಪುಸ್ತಕಗಳ ಸ್ಥಿತಿ ಊಹಿಸಿಕೊಳ್ಳಿ. ಕಿಟಕಿಯ ಬೆಳಕಿನಲ್ಲಿ ತೆಗೆಯಿರಿ, ಫ್ಲಾಶ್ ಬೇಡ. ಪಕ್ಕದ ಚೆನ್ನಾಗಿರುವ ಚರ್ಮವೂ ಚಿತ್ರದಲ್ಲಿ ಬರಲಿ. ಮುಟ್ಟಿದರೆ ಬಿಸಿಯೋ, ಊದಿದೆಯೋ, ತುರಿಕೆಯೋ ಎಂಬುದನ್ನು ಕೆಳಗೆ ಬರೆಯಿರಿ. ಆ ಮೂರನ್ನು ಕ್ಯಾಮೆರಾ ಹೇಳುವುದಿಲ್ಲ.

ಫಾರಂ ಕಳಿಸಿದ ಮೇಲೆ ಫೋನ್ ಹತ್ತಿರವೇ ಇರಲಿ. ಸರ್ಜರಿಯ ಕರೆ ಎಷ್ಟೋ ಸಲ ನಂಬರ್ ಕಾಣದ ಹಾಗೆ ಬರುತ್ತದೆ. ಗೊತ್ತಿಲ್ಲದ ನಂಬರ್ ಎತ್ತುವುದಿಲ್ಲ ಎಂಬ ಒಳ್ಳೆಯ ಅಭ್ಯಾಸದವರು ಇದರಿಂದಲೇ ಸರದಿ ಕಳೆದುಕೊಳ್ಳುತ್ತಾರೆ. ಎಷ್ಟು ಹೊತ್ತಿಗೆ ಎತ್ತಲು ಆಗುವುದಿಲ್ಲ ಎಂದು ಫಾರಮ್ಮಿನಲ್ಲೇ ಹೇಳಿಬಿಡಿ. ಎದೆನೋವು, ಉಸಿರು ಕಟ್ಟುವುದು, ಮುಖ ಒಂದು ಕಡೆ ವಾಲುವುದು, ಇಂಥದ್ದಕ್ಕೆ ಯಾವ ಫಾರಮ್ಮೂ ಬೇಡ, 999 ಒತ್ತಿ. ಅಷ್ಟು ತುರ್ತಲ್ಲ, ಆದರೆ ಕಾಯುವುದಕ್ಕೂ ಆಗುವುದಿಲ್ಲ ಎಂದರೆ 111. ಅದು ಆನ್‌ಲೈನ್‌ನಲ್ಲೂ ಇದೆ, ಆದರೆ ಐದು ವರ್ಷದೊಳಗಿನ ಮಗುವಿಗಾದರೆ ಫೋನೇ ಮಾಡಿ. ಇಂಗ್ಲಿಷ್ ಬಾರದ ಅತ್ತೆ, ಮಾವನ ಪರವಾಗಿ ಮೊಮ್ಮಗಳು ಮಾತಾಡುವುದನ್ನು ದಯವಿಟ್ಟು ನಿಲ್ಲಿಸಿ. ಹನ್ನೆರಡು ವರ್ಷದ ಹುಡುಗಿ ಅಜ್ಜನ ಮೂತ್ರದ ತೊಂದರೆ ವಿವರಿಸುವುದು ಇಬ್ಬರಿಗೂ ಹಿಂಸೆ. ದುಭಾಷಿಯನ್ನು ಸರ್ಜರಿಯೇ ಪುಕ್ಕಟೆ ಒದಗಿಸಬೇಕು. ಕನ್ನಡ ಎಂದು ಸ್ಪಷ್ಟವಾಗಿ ಬರೆಯಿರಿ, ಇಲ್ಲದಿದ್ದರೆ ಭಾರತದವರು ಎಂದು ಹಿಂದಿಯವರನ್ನು ಕರೆಸಿಯಾರು.

ರಕ್ತಪರೀಕ್ಷೆಯ ಫಲಿತಾಂಶ ಆಪ್‌ನಲ್ಲಿ ಬಂದ ದಿನ ನಮ್ಮ ಕೂಟದ ವಾಟ್ಸಾಪ್ ಗುಂಪಿಗೆ ಬರುವಷ್ಟು ಗಾಬರಿಯ ಮೆಸೇಜು ಬೇರೆ ಯಾವತ್ತೂ ಬರುವುದಿಲ್ಲ. ‘ಹಿಮೋಗ್ಲೋಬಿನ್ 125 ಅಂತೆ!’ ಬೆಂಗಳೂರಿನ ಲ್ಯಾಬ್ ಇದನ್ನೇ 12.5 ಎಂದು ಕೊಡುತ್ತಿತ್ತು. ಅಲ್ಲಿ ಡೆಸಿಲೀಟರಿಗೆ ಎಷ್ಟು ಗ್ರಾಂ ಎಂದು ಲೆಕ್ಕ, ಇಲ್ಲಿ ಲೀಟರಿಗೆ. ಸಕ್ಕರೆಯದ್ದು ತಿರುಗುಮುರುಗು: ಇಲ್ಲಿಯ 7 ಅಲ್ಲಿಯ 126. ಇಲ್ಲಿಯ ಅಂಕಿಯನ್ನು 18ರಿಂದ ಗುಣಿಸಿದರೆ ನಿಮಗೆ ಪರಿಚಯದ ಸಂಖ್ಯೆ ಸಿಗುತ್ತದೆ. ಕ್ರಿಯಾಟಿನಿನ್ 88 ಎಂದು ನೋಡಿ ಕಿಡ್ನಿ ಹೋಯಿತೆಂದುಕೊಳ್ಳಬೇಡಿ, ಅದು ನಮ್ಮ 1.0. ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ಊರಲ್ಲಿ ಶೇಕಡಾದಲ್ಲಿದ್ದರೆ ಇಲ್ಲಿ ಬೇರೆ ಮಾನದಲ್ಲಿರುತ್ತದೆ; 6.5 ಎಂದರೆ 48, ಅಲ್ಲಿಂದ ಮೇಲೆ ಸಕ್ಕರೆ ಕಾಯಿಲೆಯ ಗಡಿ. ಇದರಲ್ಲೊಂದು ತಮಾಷೆಯೂ ಇದೆ. ಊರಿನ ಎಷ್ಟೋ ಲ್ಯಾಬ್‌ಗಳು 5.7 ದಾಟಿದರೆ ಪ್ರೀ-ಡಯಾಬಿಟಿಸ್ ಎಂದು ಗುರುತು ಹಾಕುತ್ತವೆ. ಇಲ್ಲಿ ಆ ಗುರುತು ಬೀಳುವುದು 42ಕ್ಕೆ, ಅಂದರೆ 6ಕ್ಕೆ. ಹೀಗಾಗಿ 5.8 ಇದ್ದವರು ವಿಮಾನ ಇಳಿದ ಕೂಡಲೇ ಗುಣವಾಗಿಬಿಡುತ್ತಾರೆ! ಹಾಗೆಂದು ಮೈಸೂರು ಪಾಕಿಗೆ ಕೈಹಾಕಬೇಡಿ. ನಮ್ಮ ಜನಕ್ಕೆ ಅಪಾಯ ಕಡಿಮೆ ತೂಕದಲ್ಲೇ ಶುರುವಾಗುತ್ತದೆಂದು ಇಲ್ಲಿಯ ವೈದ್ಯಕೀಯ ಮಾರ್ಗಸೂಚಿಯೇ ಒಪ್ಪಿದೆ: ಉಳಿದವರಿಗೆ ಬಿಎಂಐ 25ರಿಂದ ಹೆಚ್ಚು ತೂಕವಾದರೆ ದಕ್ಷಿಣ ಏಷ್ಯಾದವರಿಗೆ 23ರಿಂದ. ಫಲಿತಾಂಶದ ಪಕ್ಕದಲ್ಲಿರುವ ಮಾನವನ್ನು ಮೊದಲು ಓದಿ, ಆಮೇಲೆ ಗಾಬರಿಯಾಗುವುದೋ ಬೇಡವೋ ನೋಡೋಣ. ಡಾಕ್ಟರು ಫೋನ್ ಮಾಡುವ ಮುಂಚೆಯೇ ನೀವು ಅಂಕಿ ನೋಡಿಬಿಡುವುದೂ ಉಂಟು, ಅದು ಈ ವ್ಯವಸ್ಥೆಯ ಒಂದು ಕೊರತೆಯೇ ಸರಿ.

ಊರಿನ ಹಳೆಯ ದಾಖಲೆ ತಾನಾಗಿ ಇಲ್ಲಿಗೆ ಬರುವುದಿಲ್ಲ. ಭಾರತ ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆ ಆಭಾದಲ್ಲಿ ಎಲ್ಲ ಇದೆ ಎಂದುಕೊಂಡು ಬರಿಗೈಯಲ್ಲಿ ಬರಬೇಡಿ. ಅದನ್ನು ಇಲ್ಲಿಯ ಕಂಪ್ಯೂಟರ್ ತೆರೆಯುವುದಿಲ್ಲ. ಮಕ್ಕಳ ಲಸಿಕೆ ಕಾರ್ಡು, ಡಿಸ್ಚಾರ್ಜ್ ಸಾರಾಂಶ, ಔಷಧಿಯ ಪಟ್ಟಿ, ಇವನ್ನು ಸ್ಕ್ಯಾನ್ ಮಾಡಿಕೊಂಡು ಬನ್ನಿ, ನೋಂದಣಿಯಾದ ಕೂಡಲೇ ಸರ್ಜರಿಗೆ ಕೊಡಿ. ಪಟ್ಟಿಯಲ್ಲಿ ಕಂಪನಿಯ ಹೆಸರು ಬೇಡ. ಗ್ಲೈಕೋಮೆಟ್ ಎಂದರೆ ಇಲ್ಲಿ ಯಾರಿಗೂ ತಿಳಿಯದು, ಮೆಟ್‌ಫಾರ್ಮಿನ್ ಎನ್ನಿ. ಥೈರೋನಾರ್ಮ್ ಅಲ್ಲ, ಲೆವೊಥೈರಾಕ್ಸಿನ್. ಜೊತೆಗೆ ಮಾತ್ರೆಯ ಪ್ರಮಾಣ ಎಷ್ಟು ಎಂಬುದನ್ನೂ ಬರೆಯಿರಿ. ದಿನವೂ ತಗೊಳ್ಳುವ ಮಾತ್ರೆಯನ್ನು ಒಮ್ಮೆ ಜಿಪಿ ಒಪ್ಪಿದರೆ, ಮುಂದೆ ಆಪ್‌ನಲ್ಲೇ ಒತ್ತಿ ತರಿಸಿಕೊಳ್ಳಬಹುದು, ನೀವು ಆರಿಸಿದ ಫಾರ್ಮಸಿಗೆ ಚೀಟಿ ತಾನೇ ಹೋಗುತ್ತದೆ. ಒಂದು ವಾರ ಮೊದಲೇ ಒತ್ತಿ. ಇಂಗ್ಲೆಂಡಿನಲ್ಲಿ ಒಂದೊಂದು ಔಷಧಿಗೂ ಶುಲ್ಕವಿದೆ. 2024ರ ಮೇ ತಿಂಗಳಲ್ಲಿ ಅದು 9.90 ಪೌಂಡ್ ಆಯಿತು. 16ರೊಳಗಿನವರಿಗೆ, 60 ತುಂಬಿದವರಿಗೆ ಇಲ್ಲ. ಗರ್ಭಿಣಿಯರಿಗೂ ಹೆರಿಗೆಯಾಗಿ ವರ್ಷದೊಳಗಿರುವವರಿಗೂ ಇಲ್ಲ, ಆದರೆ ಅವರು ಪ್ರಮಾಣಪತ್ರ ಮಾಡಿಸಿಕೊಂಡಿರಬೇಕು.

ಎಲ್ಲದಕ್ಕೂ ಜಿಪಿಯೇ ಬೇಕೆಂದಿಲ್ಲ. 2024ರ ಜನವರಿ ಕೊನೆಯಿಂದ ಫಾರ್ಮಸಿಸ್ಟರೇ ಏಳು ತೊಂದರೆಗಳಿಗೆ ನೋಡಿ, ಅಗತ್ಯವಿದ್ದರೆ ಆಂಟಿಬಯಾಟಿಕ್ ಕೂಡ ಕೊಡಬಹುದು: ಮಕ್ಕಳ ಕಿವಿನೋವು, ಗಂಟಲು ನೋವು, ಸೈನಸ್, ಸರ್ಪಸುತ್ತು, ಕೀವಾದ ಹುಳುಕಡಿತ, ಇಂಪೆಟೈಗೋ ಎಂಬ ಚರ್ಮದ ಸೋಂಕು, 16ರಿಂದ 64 ವಯಸ್ಸಿನ ಹೆಂಗಸರ ಉರಿಮೂತ್ರ. ಅಪಾಯಿಂಟ್‌ಮೆಂಟ್ ಬೇಡ, ಫಾರಮ್ಮೂ ಬೇಡ.

ಬೇಸಿಗೆಗೆ ಅಪ್ಪ, ಅಮ್ಮ ಬರುವವರಿದ್ದರೆ ಇದನ್ನೂ ಓದಿಕೊಳ್ಳಿ. ವಿಸಿಟರ್ ವೀಸಾದವರೂ ಜಿಪಿ ಹತ್ತಿರ ತಾತ್ಕಾಲಿಕವಾಗಿ ಹೆಸರು ಹಚ್ಚಿಸಬಹುದು, ಜಿಪಿ ನೋಡುವುದಕ್ಕೆ ದುಡ್ಡಿಲ್ಲ. ಆದರೆ ಆಸ್ಪತ್ರೆಗೆ ದಾಖಲಾದರೆ ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು ಬಿಲ್ಲು ಬರುತ್ತದೆ, ಆದ್ದರಿಂದ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸುವಾಗ ಅವರ ಬಿಪಿ, ಶುಗರ್ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಬೇಕಾದಾಗ ಕಂಪನಿ ಕೈಯೆತ್ತುತ್ತದೆ. ಊರಿನ ಡಾಕ್ಟರು ಬರೆದ ಚೀಟಿಗೆ ಇಲ್ಲಿಯ ಫಾರ್ಮಸಿ ಔಷಧಿ ಕೊಡುವುದಿಲ್ಲ. ಇರುವಷ್ಟು ದಿನಕ್ಕೆ ಸಾಲುವ ಮಾತ್ರೆ, ಜೊತೆಗೆ ಚೀಟಿಯ ಪ್ರತಿ, ಎರಡೂ ಕೈಚೀಲದಲ್ಲಿರಲಿ, ದೊಡ್ಡ ಸೂಟ್‌ಕೇಸಿನಲ್ಲಿ ಬೇಡ.