ಥಾರ್‌ಗೆ ಹೊಸ ಟೈರು: ಮಂಡಿಪೇಟೆ ಲೆಕ್ಕ

ಫೋರ್ ಬೈ ಫೋರ್ ಗಾಡಿ ಇಟ್ಟುಕೊಂಡ ನಮ್ಮೂರಿನ ಬಹುಪಾಲು ಜನ ಅದನ್ನು ಓಡಿಸುವುದು ಡಾಂಬರು, ಕಾಂಕ್ರೀಟಿನ ಮೇಲೆಯೇ. ನಾನೂ ಅವರಲ್ಲೊಬ್ಬ. ಮನೆಯಿಂದ ಮಂಡಿಪೇಟೆಯ ಅಂಗಡಿಗೆ, ವಸೂಲಿಗೆಂದು ಹರಿಹರಕ್ಕೆ, ಮದುವೆ ಗೃಹಪ್ರವೇಶಕ್ಕೆ ರಾಣೆಬೆನ್ನೂರು, ಹುಬ್ಬಳ್ಳಿಗೆ, ಅಪರೂಪಕ್ಕೆ ಬೆಂಗಳೂರಿಗೆ. ಮಣ್ಣು ಸಿಗುವುದು ಚನ್ನಗಿರಿ ಕಡೆ ಅಕ್ಕನ ಅಡಿಕೆ ತೋಟಕ್ಕೆ ಹೋದಾಗ ಮಾತ್ರ. ಅದೂ ಕೆಂಪು ಗರಸಿನ ದಾರಿ, ಕೊನೆಗೆ ಒಂದಿಷ್ಟು ಟ್ರ್ಯಾಕ್ಟರ್ ಜಾಡು. ವರ್ಷಕ್ಕೆಲ್ಲ ಸೇರಿ ಎಂಟು ಸಾವಿರ ಕಿಲೋಮೀಟರ್ ಆದರೆ ಹೆಚ್ಚು.

ಹೀಗೆ ಓಡುವ ನನ್ನ ಥಾರ್‌ನ ಟೈರು ಸವೆದಾಗ ಪಿ.ಬಿ. ರಸ್ತೆಯ ಅಂಗಡಿಗಳಲ್ಲಿ ದರ ಕೇಳಿದೆ. ಒಂದು ಕಡೆ ಮಾತ್ರ ದರ ಹೇಳುವ ಮೊದಲೇ ಪ್ರಶ್ನೆ ಬಂತು: ‘ಸಾವ್ಕಾರ್ರೇ, ಗಾಡಿ ಎಲ್ಲಿ ಓಡುತ್ತೆ ಅದನ್ನ ಮೊದ್ಲು ಹೇಳ್ರಿ. ಎಂಟಿ ಬೇಕೋ ಎಟಿ ಬೇಕೋ ಆಮೇಲೆ ನೋಡೋಣ.’ ನನಗೆ ಆ ಮನುಷ್ಯನ ಮೇಲೆ ಆಗಲೇ ನಂಬಿಕೆ ಹುಟ್ಟಿತು.

ಎಂಟಿ ಎಂದರೆ ಕೆಸರಿಗೆ ಮಾಡಿದ ಟೈರು: ದಪ್ಪ ದಪ್ಪ ಬಟನ್, ನಡುವೆ ಅಗಲ ಸಂದು. ಎಟಿ ಎಂದರೆ ಕೆಸರು, ಡಾಂಬರು ಎರಡಕ್ಕೂ ಹೊಂದುವಂಥದ್ದು. ಥಾರ್‌ಗೆ ಕಂಪನಿಯಿಂದ ಬರುವುದೂ ಇದೇ ಜಾತಿ. ಎಚ್‌ಟಿ ಹೆದ್ದಾರಿಯ ಟೈರು, ಬಟನ್‌ಗಳು ಒತ್ತೊತ್ತಾಗಿರುತ್ತವೆ. ಎಂಟಿ ಹಾಕಿದ ಗಾಡಿ ನಿಂತಲ್ಲೇ ಮೆರೆಯುತ್ತದೆ, ಹುಡುಗರಿಗೆ ಅದೇ ಬೇಕು. ನನ್ನ ತಂಗಿ ಮಗ ‘ಮಾವ, ಥಾರ್‌ಗೆ ಎಚ್‌ಟಿ ಹಾಕಿಸಿದ್ರೆ ಜನ ಏನಂತಾರೆ?’ ಎಂದು ದಿನಗಟ್ಟಲೆ ಹಿಂದೆ ಬಿದ್ದಿದ್ದ.

ಮಂಡಿಪೇಟೆಯಲ್ಲಿ ಕೂತವರಿಗೆ ಮಾಲಿನ ದರ ಒಂದೇ ಸಾಲದು. ಹಮಾಲಿ, ಲಾರಿ ಬಾಡಿಗೆ, ತೂಕದಲ್ಲಿ ಒಣಗಿ ಹೋಗುವುದು ಎಲ್ಲ ಸೇರಿಸಿ ಕ್ವಿಂಟಾಲಿಗೆ ಎಷ್ಟು ಬಿತ್ತು ಎಂದು ನೋಡುತ್ತೇವೆ. ಟೈರನ್ನೂ ಹಾಗೆಯೇ ನೋಡಬೇಕು, ಕಿಲೋಮೀಟರಿಗೆ ಎಷ್ಟು ಬಿತ್ತು ಎಂದು. ಅಂಗಡಿಯಿಂದ ಅಂಗಡಿಗೆ ದರ ಬೇರೆ, ಆದ್ದರಿಂದ ದುಂಡು ಸಂಖ್ಯೆ ಹಿಡಿಯುತ್ತೇನೆ. ನಾಲ್ಕು ಎಂಟಿ ಟೈರಿಗೆ 64,000 ರೂಪಾಯಿ, ಬಾಳಿಕೆ 40,000 ಕಿಲೋಮೀಟರ್ ಎನ್ನಿ. ಕಿಲೋಮೀಟರಿಗೆ 1 ರೂಪಾಯಿ 60 ಪೈಸೆ. ದುಬಾರಿ ಎಚ್‌ಟಿ ನಾಲ್ಕಕ್ಕೆ 56,000, ಬಾಳಿಕೆ 60,000 ಕಿಲೋಮೀಟರ್. 93 ಪೈಸೆ. ಇಲ್ಲಿಗೆ ಲೆಕ್ಕ ಮುಗಿಯಿತು ಅನ್ನಿಸುತ್ತದೆ, ಆದರೆ ಮುಗಿದಿಲ್ಲ.

ರಬ್ಬರು ಓಡಿದರಷ್ಟೇ ಸವೆಯುವುದಲ್ಲ, ನಿಂತರೂ ಹಳತಾಗುತ್ತದೆ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಬಯಲಲ್ಲಿ ನಿಲ್ಲುವ ಗಾಡಿಯ ಟೈರಿನ ಬದಿ ನೋಡಿ, ಕೂದಲೆಳೆಯಂಥ ಬಿರುಕುಗಳು ಕಾಣುತ್ತವೆ. ಐದು ವರ್ಷ ದಾಟಿದ ಮೇಲೆ ಪ್ರತಿ ವರ್ಷ ತಪಾಸಣೆ ಮಾಡಿಸಿ, ಬಟನ್ ಎಷ್ಟೇ ಉಳಿದಿರಲಿ ಹತ್ತು ವರ್ಷಕ್ಕೆ ತೆಗೆದುಬಿಡಿ ಎಂದು ಟೈರು ಕಂಪನಿಗಳೇ ಹೇಳುತ್ತವೆ. ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಮನೆಮಂದಿಯನ್ನು ಕರೆದೊಯ್ಯುವ ಗಾಡಿಗೆ ನಾನು ಆರು ವರ್ಷ ಹಿಡಿಯುತ್ತೇನೆ. ಎಂಟು ಸಾವಿರದಂತೆ ಆರು ವರ್ಷಕ್ಕೆ 48,000 ಕಿಲೋಮೀಟರ್. ಅಂದರೆ 60,000 ಬಾಳುವ ಟೈರಿನಲ್ಲಿ 12,000 ಕಿಲೋಮೀಟರ್ ನನಗೆ ದಕ್ಕುವುದೇ ಇಲ್ಲ. ಆ 93 ಪೈಸೆ 1 ರೂಪಾಯಿ 17 ಪೈಸೆ ಆಯಿತು. ಬದಲಿಗೆ 44,000ಕ್ಕೆ ಸಿಗುವ, 48,000 ಕಿಲೋಮೀಟರ್ ಬಾಳುವ ನಡುಮಟ್ಟದ ಒಳ್ಳೆ ಎಚ್‌ಟಿ ತಂದರೆ 92 ಪೈಸೆ. ಕಡಿಮೆ ಓಡಿಸುವವನು ಹೆಚ್ಚು ಬಾಳಿಕೆಗೆ ದುಡ್ಡು ಕೊಡುವುದು ವ್ಯರ್ಥ. ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಿಬರುವವರ ಮಾತು ಬೇರೆ. ಅವರದು ವರ್ಷಕ್ಕೆ 27,000 ಕಿಲೋಮೀಟರ್ ಆಗುತ್ತದೆ, ದುಬಾರಿ ಟೈರಿನ ಪೂರ್ತಿ ಬೆಲೆ ಎರಡು ವರ್ಷ ಚಿಲ್ಲರೆಯಲ್ಲಿ ವಸೂಲಾಗುತ್ತದೆ.

ಇನ್ನು ಡೀಸೆಲ್. ದಪ್ಪ ಬಟನ್ನಿನ ಭಾರದ ಟೈರನ್ನು ಉರುಳಿಸಲು ಎಂಜಿನ್ ಹೆಚ್ಚು ದುಡಿಯಬೇಕು. ಲೀಟರಿಗೆ 12 ಕೊಡುವ ಗಾಡಿ 11.5ಕ್ಕೆ ಇಳಿಯಿತು ಎನ್ನಿ. ಕೇಳಲು ಏನೂ ಅಲ್ಲ. 48,000 ಕಿಲೋಮೀಟರಿಗೆ ಸುಮಾರು 174 ಲೀಟರ್ ಹೆಚ್ಚು, ಲೀಟರಿಗೆ 90 ರೂಪಾಯಿ ಹಿಡಿದರೂ 15,600 ರೂಪಾಯಿಯ ಮೇಲೆ. ಒಂದು ಎಚ್‌ಟಿ ಟೈರಿನ ಬೆಲೆಗಿಂತ ಹೆಚ್ಚು! ಉರುಳುವಾಗ ಎಷ್ಟು ಇಂಧನ ಉಳಿಸುತ್ತದೆ ಎಂಬುದಕ್ಕೆ ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ ಬಿಇಇ ಈಗ ಫ್ರಿಜ್‌ಗೆ ಕೊಡುವಂತೆ ಟೈರುಗಳಿಗೂ ನಕ್ಷತ್ರದ ಗುರುತು ಕೊಡುತ್ತದೆ. ಗುರುತು ಇದ್ದರೆ ನೋಡಿ.

ತೋಟದ ದಾರಿಗೆ ಎಚ್‌ಟಿ ಸಾಕೇ? ಗರಸಿನ ಮೇಲೆ ಧಾರಾಳ ಸಾಕು, ನಾಲ್ಕೂ ಚಕ್ರ ಎಳೆಯುವ ಅನುಕೂಲ ಹೇಗೂ ಗಾಡಿಯಲ್ಲೇ ಇದೆ. ಮಳೆಗಾಲದ ಎರೆ ಹೊಲಕ್ಕೆ ಇಳಿಯುವವರಾದರೆ ಕಥೆ ಬೇರೆ. ಆ ಅಂಟು ಮಣ್ಣು ಸಂದುಗಳಲ್ಲಿ ತುಂಬಿ ಎಟಿ ಟೈರನ್ನೂ ನುಣ್ಣಗೆ ಮಾಡಿಬಿಡುತ್ತದೆ. ನಮ್ಮ ಕಡೆ ಅಂಥ ಹೊಲದಲ್ಲಿ ಟ್ರ್ಯಾಕ್ಟರೇ ಹೂತು ನಿಲ್ಲುತ್ತದೆ. ವರ್ಷದಲ್ಲಿ ನಾಲ್ಕು ಸಲದ ಕೆಸರಿಗಾಗಿ, ಮಿಕ್ಕ ದಿನವೆಲ್ಲ ಒದ್ದೆ ಹೆದ್ದಾರಿಯಲ್ಲಿ ಕಡಿಮೆ ಹಿಡಿತದ ಟೈರಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಹೋಗಲು ನನಗೆ ಮನಸ್ಸಿಲ್ಲ. ಮಳೆಯಲ್ಲಿ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಮುಂದಿನ ಲಾರಿ ದಿಢೀರ್ ಬ್ರೇಕ್ ಹಾಕಿದಾಗ ಬೇಕಾಗುವುದು ಡಾಂಬರನ್ನು ಕಚ್ಚುವ ಟೈರು. ಕಾನೂನಿನಂತೆ 1.6 ಮಿಲಿಮೀಟರ್ ಉಳಿಯುವವರೆಗೆ ಬಟನ್ ಸವೆಯಬಹುದು, ಸಂದಿನ ಅಡ್ಡ ದಿಬ್ಬಗಳು ತೋರಿಸುವುದು ಅದನ್ನೇ. ನನ್ನ ಮಟ್ಟಿಗೆ ಮೂರು ಮಿಲಿಮೀಟರ್ ಬಂದರೆ ಮುಂದಿನ ಮಳೆಗಾಲಕ್ಕೆ ಮೊದಲೇ ಬದಲಾಯಿಸಬೇಕು.

‘ಸದ್ಯಕ್ಕೆ ಎರಡು ಹಾಕಿಸಿ, ಇನ್ನೆರಡು ಮುಂದಿನ ವರ್ಷ ನೋಡಿದರಾಯಿತು’ ಎಂಬ ಸಲಹೆ ಸಾಮಾನ್ಯ. ಬೇರೆ ಕಾರಿಗೆ ಅದು ನಡೆದೀತು. ಫೋರ್ ಬೈ ಫೋರ್‌ಗೆ ಬೇಡ. ಥಾರ್‌ನ 255/65 ಆರ್18 ಟೈರಿನ ವ್ಯಾಸ ಹೊಸದಿದ್ದಾಗ 789 ಮಿಲಿಮೀಟರ್ ಹತ್ತಿರ. ಬಟನ್ ಆರು ಮಿಲಿಮೀಟರ್ ಸವೆದರೆ ವ್ಯಾಸ ಹನ್ನೆರಡು ಕಡಿಮೆ. ಹೊಸ ಟೈರು ಕಿಲೋಮೀಟರಿಗೆ 404 ಸುತ್ತು ತಿರುಗಿದರೆ ಹಳೆಯದು 410. ಥಾರ್‌ನಲ್ಲಿ ಫೋರ್ ಹೈ, ಅಂದರೆ ನಾಲ್ಕೂ ಚಕ್ರ ಎಳೆಯುವ ಗೇರು, ಹಾಕಿದಾಗ ಮುಂದಿನ ಆಕ್ಸಲ್ಲೂ ಹಿಂದಿನ ಆಕ್ಸಲ್ಲೂ ಒಂದೇ ಲೆಕ್ಕದಲ್ಲಿ ತಿರುಗಬೇಕು, ನಡುವೆ ವ್ಯತ್ಯಾಸ ನುಂಗುವ ಡಿಫರೆನ್ಷಿಯಲ್ ಇಲ್ಲ. ಆ ಆರು ಸುತ್ತಿನ ವ್ಯತ್ಯಾಸ ಟೈರು ಜಾರಿ ತೀರಬೇಕು, ಜಾರದಿದ್ದರೆ ಗೇರು, ಶಾಫ್ಟಿನ ಮೇಲೆ ತಿರುಚಾಟ ಬೀಳುತ್ತದೆ. ಎರಡು ಟೈರಿನಲ್ಲಿ ಉಳಿಸಿದ್ದು, ಎರಡೂ ಆಕ್ಸಲ್ಲಿಗೆ ಎಂಜಿನ್ನಿನ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ರಿಪೇರಿಯ ಮುಂದೆ ಏನೇನೂ ಅಲ್ಲ. ನಾಲ್ಕನ್ನೂ ಒಂದೇ ಕಂಪನಿ, ಒಂದೇ ನಮೂನೆ, ಒಂದೇ ಅಳತೆಯಲ್ಲಿ ಒಟ್ಟಿಗೆ ಹಾಕಿಸಬೇಕು. ಒಣ ಡಾಂಬರಿನ ಮೇಲೆ ಫೋರ್ ಹೈ ಹಾಕಿ ಓಡಿಸಲೂ ಬಾರದು, ಕಾರಣ ಇದೇ.

ಕೊಳ್ಳುವಾಗಿನ ಮಾತು. 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ತೆರಿಗೆಗೆ ಮುಂಚೆ ಹತ್ತು ಸಾವಿರ ಇದ್ದ ಟೈರು 12,800 ಆಗುತ್ತಿತ್ತು, ಈಗ 11,800. ನಾಲ್ಕಕ್ಕೆ ನಾಲ್ಕು ಸಾವಿರ ಉಳಿತಾಯ. ಯಾರೋ ಎರಡು ವರ್ಷದ ಹಿಂದೆ ಕೊಟ್ಟ ದರವನ್ನು ತಲೆಯಲ್ಲಿಟ್ಟುಕೊಂಡು ಚೌಕಾಸಿಗೆ ಇಳಿಯಬೇಡಿ. ಬಿಲ್ ಕೇಳಿ ಪಡೆಯಿರಿ, ಅದಿಲ್ಲದಿದ್ದರೆ ವಾರಂಟಿ ಬರೀ ಬಾಯಿಮಾತು. ಫಿಟ್ಟಿಂಗ್, ಬ್ಯಾಲೆನ್ಸಿಂಗ್, ಹೊಸ ವಾಲ್ವ್, ಅಲೈನ್‌ಮೆಂಟ್ ದರದಲ್ಲಿ ಸೇರಿದೆಯೇ ಎಂದು ಮೊದಲೇ ಮಾತಾಡಿಕೊಳ್ಳಿ.

ಟೈರು ಗಾಡಿಗೆ ಏರುವ ಮೊದಲು ಬದಿಯನ್ನು ನಿಮ್ಮ ಕಣ್ಣಾರೆ ಓದಿ. ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ: 2325 ಎಂದಿದ್ದರೆ 2025ರ 23ನೇ ವಾರದಲ್ಲಿ ತಯಾರಾದದ್ದು. ನನ್ನ ಅಳತೆಯ ಎಚ್‌ಟಿ ಬೇಗ ಖರ್ಚಾಗುವ ಮಾಲಲ್ಲ, ಅಂಗಡಿಯವರು ಗೋದಾಮಿನಿಂದ ತೆಗೆದ ಮೊದಲ ಜೋಡಿ ಎರಡು ವರ್ಷ ಹಳತಾಗಿತ್ತು. ಆರು ವರ್ಷದ ಆಯಸ್ಸಿನಲ್ಲಿ ಎರಡು ವರ್ಷ ಕಪಾಟಿನಲ್ಲೇ ಕಳೆದಿದ್ದರೆ ಮೂರರಲ್ಲೊಂದು ಪಾಲು ದುಡ್ಡು ಹೋದಂತೆ. ಬೇಡವೆಂದೆ. ‘ಆಯ್ತು ಸಾವ್ಕಾರ್ರೇ, ಹೊಸ ಲಾಟ್ ತರಿಸ್ತೀನಿ’ ಎಂದರು, ತರಿಸಿಯೂ ಕೊಟ್ಟರು. ಟೈರಿನ ಅಳತೆಯ ಪಕ್ಕದಲ್ಲೇ 111ಟಿ ಎಂಬಂಥ ಇನ್ನೊಂದು ಗುರುತು ಇರುತ್ತದೆ. 111 ಎಂದರೆ ಟೈರೊಂದು 1,090 ಕಿಲೋ ಹೊರಬಲ್ಲದು, ಟಿ ಎಂದರೆ ಗಂಟೆಗೆ 190 ಕಿಲೋಮೀಟರ್ ವೇಗ ತಾಳಬಲ್ಲದು. ಗಾಡಿಯ ಪುಸ್ತಕದಲ್ಲಿರುವುದಕ್ಕಿಂತ ಇವೆರಡೂ ಕಡಿಮೆ ಇರಬಾರದು.

ಸ್ಟೆಪ್ನಿ ಬಗ್ಗೆಯೂ ಒಂದು ಲೆಕ್ಕ ಇದೆ. ಥಾರ್‌ನ ಬೆನ್ನಿಗೆ ನೇತು ಹಾಕಿದ ಐದನೇ ಟೈರು ಬಿಸಿಲಲ್ಲಿ ಸುಮ್ಮನೆ ಹಳತಾಗುತ್ತದೆ. ಹೆಚ್ಚು ಓಡಿಸುವವರು ಐದನ್ನೂ ಹೊಸದೇ ಕೊಂಡು, ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಸರದಿಯಲ್ಲಿ ಬದಲಿಸುತ್ತ ಹೋದರೆ, ಸೆಟ್ಟಿನ ಬಾಳಿಕೆ ಕಾಲು ಪಾಲು ಹೆಚ್ಚುತ್ತದೆ. ಐದನೆಯದಕ್ಕೆ ಕೊಟ್ಟ ದುಡ್ಡು ಪೂರ್ತಿ ರಸ್ತೆಯಲ್ಲೇ ವಸೂಲು. ನನ್ನಂತೆ ಕಡಿಮೆ ಓಡಿಸುವವರಿಗೆ ಅದು ಬೇಕಿಲ್ಲ. ಹಳೆಯ ನಾಲ್ಕರಲ್ಲಿ ಚೆನ್ನಾಗಿರುವುದೊಂದನ್ನು ಸ್ಟೆಪ್ನಿಗೆ ಉಳಿಸಿಕೊಂಡು, ಪಂಚರ್ ಆದಾಗ ಟೂ ಹೈನಲ್ಲೇ, ಅಂದರೆ ಎರಡೇ ಚಕ್ರದ ಎಳೆತದಲ್ಲಿ, ನಿಧಾನಕ್ಕೆ ಮುಂದಿನ ಅಂಗಡಿ ಸೇರಿದರಾಯಿತು. ಅದಕ್ಕೂ ಗಾಳಿ ಬೇಕು, ತಿಂಗಳಿಗೊಮ್ಮೆ ಪೆಟ್ರೋಲ್ ಬಂಕಿನಲ್ಲಿ ನಾಲ್ಕರ ಜತೆ ಅದನ್ನೂ ಹಿಡಿಸಿ.